ಮೆದುಗೈಗೆ ಮುಖಗಳು ಕೆಟ್ಟ ವರ್ಷ

ತನ್ನ ತಮ್ಮ ಕತ್ತರಿ ಹಿಡಿದರೆ ಕೂದಲಿಗೇ ಗೊತ್ತಾಗುವುದಿಲ್ಲ ಎಂದು ಅಕ್ಕ ಕಂಡವರೆದುರು ಹೇಳಿಕೊಳ್ಳುತ್ತಿದ್ದಳು. ಕ್ಷೌರದಂಗಡಿ ಅವಳ ಗಂಡನದು. ಗಿರಾಕಿಗಳು ಮಾತ್ರ ಗಂಡನ ಕುರ್ಚಿ ಖಾಲಿಯಿದ್ದರೂ ತಾವೇ 'ಮೆದುಗೈ' ಎಂದು ಹೆಸರಿಟ್ಟಿದ್ದ ಈ ತಮ್ಮನಿಗಾಗಿ ಬೆಂಚಿನ ಮೇಲೆ ಕಾಯುತ್ತಿದ್ದರು. ಗಂಡನಿಗೆ ಅದು ಒಳಗೊಳಗೇ ಚುಚ್ಚುತ್ತಿತ್ತು.

ಇಪ್ಪತ್ಮೂರು ತುಂಬಿದ ವರ್ಷ ಮೆದುಗೈಗೆ ಮುಖಗಳು ಕೆಟ್ಟವು. ಕನ್ನಡಿಯೆದುರು ಸುಮ್ಮನೆ ಕೂತವರೂ ತನ್ನನ್ನು ಹಂಗಿಸುತ್ತಿರುವಂತೆ ಕಾಣತೊಡಗಿದರು. ಯಾರೋ ಕಿವಿಯ ಹತ್ತಿರವೇ ಬೈಯುತ್ತಾರೆಂದು ಅಕ್ಕನ ಬಳಿ ಹೇಳಿದ. ಒಂದು ಬೆಳಗ್ಗೆ ಶಾಲೆಯ ಮೇಷ್ಟ್ರ ಗಡ್ಡ ಹೆರೆಯುತ್ತಿದ್ದವನು ಅರ್ಧಕ್ಕೇ ನಿಲ್ಲಿಸಿ, ಕತ್ತಿಯನ್ನು ಮೆಲ್ಲಗೆ ಕೆಳಗಿಟ್ಟು, "ಮೇಷ್ಟ್ರೇ, ನನ್ನ ಮೇಲೆ ನಿಮಗ್ಯಾಕೆ ಇಷ್ಟು ದ್ವೇಷ?" ಎಂದ. ಮೇಷ್ಟ್ರು ನೊರೆಯನ್ನೂ ಒರೆಸಿಕೊಳ್ಳದೆ ಎದ್ದು ಹೋದರು. ಮಧ್ಯಾಹ್ನದೊಳಗೆ, ಅವನು ಕತ್ತಿ ಎತ್ತಿದನಂತೆ ಎಂದು ಬೀದಿಯೆಲ್ಲ ಆಡಿಕೊಂಡಿತು. ಇದೆಲ್ಲ ಗಿರಾಕಿಗಳು ತಲೆಗೇರಿಸಿದ ಕೊಬ್ಬು ಎಂದ ಅಕ್ಕನ ಗಂಡ.

ಅಕ್ಕ ಅವನನ್ನು ಆಸ್ಪತ್ರೆಗೆ ಕರೆದೊಯ್ದಳು. ಸ್ಕಿಜೋಫ್ರೇನಿಯಾ, ಈಗಷ್ಟೇ ಶುರುವಾಗಿದೆ ಎಂದು ಡಾಕ್ಟರಮ್ಮ ಮಾತ್ರೆ ಬರೆದರು. ಇಂಥವರ ಮೆದುಳು ಮುಖಗಳನ್ನು ಹೇಗೆ ನೋಡುತ್ತದೆಂಬ ಅಧ್ಯಯನಕ್ಕೆ ಬರುತ್ತೀಯಾ ಎಂದೂ ಕೇಳಿದರು. ಅವನು ಒಪ್ಪಿದ. ತಲೆಗೆ ತಂತಿಗಳ ಟೋಪಿ ತೊಡಿಸಿ, ಪರದೆಯ ಮೇಲೆ ಮುಖ, ಕುರ್ಚಿ, ಮತ್ತೆ ಮುಖ ತೋರಿಸಿದರು. ಕುರ್ಚಿ ಬಂದಾಗಲೆಲ್ಲ ಹಾಯೆನಿಸಿತು ಎಂದ.

ಮುಖ ಕಂಡ ಕೂಡಲೇ ಮೆದುಳಿನಲ್ಲಿ ಒಂದು ಅಲೆ ಏಳುತ್ತದೆ, ಈ ಕಾಯಿಲೆಯ ಅನೇಕರಲ್ಲಿ ಆರಂಭದಲ್ಲೇ ಅದು ತಗ್ಗಿರುತ್ತದೆ ಎಂದು ಡಾಕ್ಟರಮ್ಮ ಬಿಡಿಸಿ ಹೇಳಿದಾಗ ಅಕ್ಕನಿಗೆ ಹೋದ ಜೀವ ಬಂದಂತಾಯಿತು.

"ಇದನ್ನೇ ಒಂದು ಚೀಟೀಲಿ ಬರ್ಕೊಡಿ ಡಾಕ್ಟ್ರೇ. ಇದು ಕೊಬ್ಬಲ್ಲ ಅಂತ ನಮ್ಮ ಯಜಮಾನ್ರಿಗೆ ತೋರಿಸ್ತೀನಿ."

"ಎಷ್ಟೋ ಜನರದ್ದು ಒಟ್ಟಿಗೆ ನೋಡಿದ್ರೆ ಕಾಣೋ ವ್ಯತ್ಯಾಸ ಅಮ್ಮ ಇದು. ಇವನೊಬ್ಬನ ಅಲೆ ನೋಡಿ ಏನೂ ಹೇಳೋಕಾಗಲ್ಲ. ಕಾಯಿಲೆ ಹೆಸರು ಬೇಕಾದ್ರೆ ಬರೀತೀನಿ."

ಆ ಚೀಟಿಯನ್ನು ಗಂಡ ಎರಡು ಸಲ ಓದಿದ. "ಬರ್ದೇ ಇದೆಯಲ್ಲ, ಇಂಥವನ ಕೈಗೆ ಕತ್ತಿ ಕೊಡೋದು ಹೇಗೆ?" ಎಂದ. ಅಕ್ಕ ತಾನೇ ತಂದ ಕೊಡಲಿ ಅವಳ ಕಾಲಿಗೇ ಬಿದ್ದಿತ್ತು.

ಮಾತ್ರೆಗೆ ಕಿವಿಯಲ್ಲಿನ ಬೈಗುಳ ನಿಂತಿತು. ಕೈ ಮೊದಲಿನಷ್ಟೇ ಮೆದುವಾಗಿತ್ತು. ಮುಖಗಳು ಮಾತ್ರ ತಿಳಿಯಾಗಲಿಲ್ಲ. ಅವನೀಗ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಹಾಸಿಗೆ ಬಟ್ಟೆ ಮಡಚುತ್ತಾನೆ. ಅಕ್ಕ ಹೋದಾಗಲೆಲ್ಲ, "ಕೋಪಾನಾ ಅಕ್ಕಾ?" ಎಂದು ಕೇಳುತ್ತಾನೆ. "ಇಲ್ಲ ಕಣೋ, ನಗ್ತಿದೀನಿ," ಎಂದು ಅವಳು ಬಾಯಿಬಿಟ್ಟು ಹೇಳಬೇಕು.

ಅಂಗಡಿಯಲ್ಲಿ ಅವನ ಕುರ್ಚಿಗೆ ಗಂಡ ಬೇರೆಯವನನ್ನು ತಂದ ದಿನ, ಅದನ್ನು ಹೇಳಲೆಂದೇ ಅಕ್ಕ ಹೋಗಿದ್ದಳು. ಅವನು ಎಂದಿನಂತೆ ಕೇಳಿದ. ಬಂದ ಸುದ್ದಿ ನುಂಗಿಕೊಂಡು, ನಗು ಬಾರದ ಮುಖದಲ್ಲೇ ನಗ್ತಿದೀನಿ ಕಣೋ ಎಂದಳು. ಅವನು ನಂಬಿ, ಇನ್ನೊಂದು ಬಟ್ಟೆ ಕೈಗೆತ್ತಿಕೊಂಡ.