ದಬ್ಬಳಕ್ಕ ಕಾಫಿ ಗ್ರೈಂಡರ್ ಕೊಂಡಿದ್ದು

ದಬ್ಬಳಕ್ಕ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಪ್ರೆಸ್ಸಿನ ಬೈಂಡಿಂಗ್ ಕೋಣೆಯವರು ಇಟ್ಟದ್ದು. ಮೂವತ್ತೊಂದು ವರ್ಷ ದಬ್ಬಳ ಹಿಡಿದು ಪುಸ್ತಕ ಹೊಲಿದವಳಿಗೆ ಬೇರೆ ಯಾವ ಹೆಸರು ತಾನೇ ಒಪ್ಪೀತು? ಅವಳ ನಾಲಿಗೆಯೂ ಅಷ್ಟೇ ಚೂಪು ಎನ್ನುವವರಿದ್ದಾರೆ. ಹಾಗೆಂದವರಾರೂ ಅವಳ ಎದುರಿಗೆ ನಿಂತು ಅಂದಿಲ್ಲ.

ಅವಳ ಅನ್ನವಿದ್ದದ್ದು ಬಲಗೈಯ ಹೆಬ್ಬೆರಳಿನಲ್ಲಿ. ಅಚ್ಚಾಗಿ ಬಂದ ಹಾಳೆಗಳ ಕಟ್ಟನ್ನು ಬಾಗಿಸಿ, ಅಂಚಿನ ಮೇಲೆ ಹೆಬ್ಬೆರಳನ್ನು ಸರ್ರನೆ ಓಡಿಸಿದರೆ ಸಾಕು, ಎಲ್ಲಿ ಎರಡು ಹಾಳೆ ಅಂಟಿಕೊಂಡಿವೆ, ಎಲ್ಲಿ ತೆಳು ಕಾಗದ ನುಸುಳಿದೆ ಎಂದು ನೋಡದೆಯೇ ಹೇಳುತ್ತಿದ್ದಳು. ಮಾಲೀಕರು ಹೊಸ ಕಾಗದ ತರಿಸುವ ಮೊದಲು ಅದರದೊಂದು ತುಂಡನ್ನು ತಂದು ಅವಳ ಬೆರಳ ಸಂದಿಗೆ ಕೊಡುವರು. ಇವಳು ಮೂಗು ಮುರಿದರೆ ಆ ಕಾಗದ ಬಂದ ದಾರಿಗೆ ಸುಂಕವಿಲ್ಲದೆ ವಾಪಸ್ಸು.

ಅಂಥ ಕೈಯನ್ನು ಮುರಿದುಕೊಂಡಳು. ಮೇಲಿನ ಹಲಗೆಯಲ್ಲಿದ್ದ ರಟ್ಟಿನ ಕಟ್ಟನ್ನು ಇಳಿಸಲು ಒಬ್ಬರನ್ನು ಕರೆದಿದ್ದರೆ ಮುಗಿಯುತ್ತಿತ್ತು. ಆದರೆ ಕರೆಯುವುದು, ಕೇಳುವುದು ಅವಳ ಜಾತಕದಲ್ಲೇ ಬರೆದಿಲ್ಲ. ತಾನೇ ಸ್ಟೂಲು ಹತ್ತಿದಳು, ಕಟ್ಟಿನ ಸಮೇತ ಬಿದ್ದಳು. ಮಣಿಕಟ್ಟಿಗೆ ಆರು ವಾರ ಪ್ಲಾಸ್ಟರು. ಬಿಚ್ಚಿದಾಗ ಮೂಳೆ ಕೂಡಿತ್ತು, ಆದರೆ ಕೈಯಲ್ಲಿ ಬಲವಿರಲಿಲ್ಲ. ಅದಾದರೂ ಹೋಗಲಿ, ಹೆಬ್ಬೆರಳು ಮತ್ತು ಪಕ್ಕದ ಎರಡು ಬೆರಳು ಮರಗಟ್ಟಿ ಹೋಗಿದ್ದವು. ಬೇರೆ ಯಾರದೋ ಬೆರಳನ್ನು ತಂದು ತನ್ನ ಕೈಗೆ ಅಂಟಿಸಿದ ಹಾಗೆ.

“ನರ ಒತ್ತಿದೆ. ಬಲ ಬರುತ್ತೆ, ತಿರುಗಿಸೋದು, ಹಿಂಡೋದು, ಏನಾದ್ರೂ ಮಾಡ್ತಾ ಇರಿ,” ಅಂದರು ಡಾಕ್ಟರು.

“ಸ್ಪರ್ಶ?”

“ಅದು ಬಂದರೆ ಬಂತು. ನಾನು ಮಾತು ಕೊಡಲ್ಲ.”

ಅವಳು ಮನೆಯಲ್ಲಿ ಹೇಳಿದ್ದು ಮೊದಲನೇ ಮಾತನ್ನು ಮಾತ್ರ. ಎರಡನೆಯದನ್ನು ನುಂಗಿಕೊಂಡಳು. ಮನೆ ಎಂದರೆ ತಮ್ಮ ಮತ್ತು ತಮ್ಮನ ಹೆಂಡತಿ. ತಮ್ಮ ನೀರಿನ ಮೀಟರ್ ಓದುವ ಕೆಲಸದವನು, ಸಾಧು ಪ್ರಾಣಿ. ಅವನ ಹೆಂಡತಿ ಮಾತು ಕಮ್ಮಿ, ಕೆಲಸ ಜಾಸ್ತಿ. ಆ ಮನೆಗೆ ಬಂದು ಹದಿನಾಲ್ಕು ವರ್ಷವಾದರೂ ಅತ್ತಿಗೆಯ ಎದುರು ಸ್ವರ ಎತ್ತಿದವಳಲ್ಲ. ಪ್ಲಾಸ್ಟರಿನ ಆರು ವಾರ ದಬ್ಬಳಕ್ಕನ ತಲೆ ಬಾಚಿದ್ದು, ಗುಂಡಿ ಹಾಕಿದ್ದು, ತಟ್ಟೆಯಲ್ಲಿದ್ದುದನ್ನು ಕಲಸಿ ಕೊಟ್ಟದ್ದು ಅವಳೇ. ಇಂಥವರು ಸಿಕ್ಕಿದ್ದು ತನ್ನ ಪುಣ್ಯ ಎಂದು ದಬ್ಬಳಕ್ಕನಿಗೆ ಗೊತ್ತಿಲ್ಲದೆ ಇರಲಿಲ್ಲ. ಹೇಳಿ ಅಭ್ಯಾಸವಿರಲಿಲ್ಲ, ಅಷ್ಟೇ.

ತಮ್ಮ ಒಂದು ರಬ್ಬರ್ ಚೆಂಡು ತಂದುಕೊಟ್ಟ. “ಹಿಂಡ್ತಾ ಇರಕ್ಕಾ.”

“ನಾನೇನು ಎಳೇ ಮಗೂನಾ ಚೆಂಡಾಟ ಆಡೋಕೆ?” ಚೆಂಡು ಕಪಾಟಿನ ತಳ ಸೇರಿತು. “ತಿರುಗಿಸ್ಬೇಕು ತಾನೇ? ಕಾಫಿ ಬೀಜ ಬೀಸೋ ಗ್ರೈಂಡರ್ ತರೋಣ. ಕೈಗೆ ಕೆಲಸ, ಬಾಯಿಗೆ ಕಾಫಿ. ಪೊಟ್ಟಣದ ಪುಡಿ ಕುಡಿದೂ ಕುಡಿದೂ ನಾಲಿಗೆ ಜಡ್ಡುಗಟ್ಟಿದೆ.”

ಮೂವರೂ ಅಂಗಡಿಗೆ ಹೋದರು. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಚಪ್ಪಲಿ ಹೊಲಿಯುವವನಿಗೂ ಔಷಧದ ಅಂಗಡಿಗೂ ನಡುವೆ ಸಿಕ್ಕಿಕೊಂಡಂತಿದ್ದ ಪುಟ್ಟ ಅಂಗಡಿ ಅದು. ಅಂಗಡಿಯಾಕೆ ಒಂದೊಂದನ್ನೇ ತೆಗೆದು ಮೇಜಿನ ಮೇಲಿಟ್ಟಳು. ತಮ್ಮನ ಕಣ್ಣು ಕರೆಂಟಿನದರ ಮೇಲೆಯೇ. “ಗುಂಡಿ ಒತ್ತಿದ್ರೆ ಮುಗೀತು ನೋಡಕ್ಕಾ, ಕ್ಷಣದಲ್ಲಿ ಪುಡಿ.”

“ಅದರಲ್ಲಿರೋದು ಬ್ಲೇಡು,” ಅಂದಳು ಅಂಗಡಿಯಾಕೆ. “ಬೀಜಾನ ಕೊಚ್ಚುತ್ತೆ, ಬೀಸಲ್ಲ. ಅರ್ಧ ಧೂಳು, ಅರ್ಧ ನುಚ್ಚು. ಹಲ್ಲಿನ ಚಕ್ರ ಇರೋದು ತಗೊಂಡ್ರೆ ಪುಡಿ ಒಂದೇ ಸಮ ಬರುತ್ತೆ. ಅದು ಕರೆಂಟಿಂದೂ ಇದೆ, ಕೈಯಿಂದೂ ಇದೆ.”

“ಒತ್ತೋಕೆ ಎಡಗೈ ಸಾಕು,” ಅಂದಳು ದಬ್ಬಳಕ್ಕ. “ನನಗೆ ಬಲಗೈಗೆ ಕೆಲಸ ಕೊಡೋದು ಬೇಕು.”

ಮೊದಲು ಉಕ್ಕಿನ ಕೊಳವೆಯಂಥದ್ದನ್ನು ಹಿಡಿದು ನೋಡಿದಳು. ಚೆಂದವಿತ್ತು, ಆದರೆ ಗಟ್ಟಿಯಾಗಿ ಹಿಡಿಯಬೇಕು, ಹಿಡಿ ಜಾರುತ್ತಿತ್ತು. ಗೋಡೆಗೆ ಮೊಳೆ ಹೊಡೆದು ಕೂರಿಸುವಂಥದ್ದೊಂದಿತ್ತು. ಬಾಡಿಗೆ ಮನೆಯ ಗೋಡೆಗೆ ಮೊಳೆ ಹೊಡೆದರೆ ಮನೆಯವನು ಇವರನ್ನೇ ಹೊರಗೆ ಹಾಕಿಯಾನು. ಕಡೆಗೆ ಒಂದು ಮರದ ಡಬ್ಬಿ ಬಂತು. ಕೆಳಗೆ ಪುಡಿ ಬೀಳುವ ಪುಟ್ಟ ಡ್ರಾಯರ್, ಮೇಲೆ ಉದ್ದನೆಯ ಹಿಡಿಕೆ. ಅಂಗಡಿಯಾಕೆ ಅದಕ್ಕೆ ಒಂದು ಹಿಡಿ ಬೀಜ ಸುರಿದಳು. ದಬ್ಬಳಕ್ಕ ಅದನ್ನು ತೊಡೆಗಳ ಮಧ್ಯೆ ಸಿಕ್ಕಿಸಿಕೊಂಡು ಕೂತಳು. ಬಿಗಿ ಹಿಡಿಯುವ ಕೆಲಸವನ್ನು ಮೊಣಕಾಲು ವಹಿಸಿಕೊಂಡವು, ಬಲಗೈಗೆ ತಿರುಗಿಸುವುದಷ್ಟೇ ಉಳಿಯಿತು. ಒಂದು ಸುತ್ತು, ಎರಡು, ಮೂರು. ಹಣೆಯಲ್ಲಿ ಬೆವರು ಮೂಡಿತು.

“ಇದೇ,” ಅಂದಳು.

ಅಂಗಡಿಯಾಕೆ ಹಿಡಿಕೆಯ ಬುಡದ ಅಂಕಿಗಳ ಬಳೆಯನ್ನು ಎಂಟಕ್ಕೆ ತಿರುಗಿಸಿ, ಉಳಿದ ಬೀಜ ಬೀಸಿದಳು. “ನಿಮ್ಮ ಸೋಸೋ ಕಾಫಿಗೆ ಎಂಟು ಸರಿ. ಅಂಕಿ ಜಾಸ್ತಿ ಆದಷ್ಟೂ ಪುಡಿ ದಪ್ಪ, ತಿರುಗಿಸೋಕೆ ಸಲೀಸು, ಆದ್ರೆ ಕಾಫಿ ನೀರುನೀರು. ದಿನಾ ಒಂದು ಚಿಟಿಕೆ ಉಜ್ಜಿ ನೋಡಿ, ಸಣ್ಣ ಉಪ್ಪಿನ ಹಾಗಿರಬೇಕು.”

ದಬ್ಬಳಕ್ಕ ಅಲ್ಲೇ ಡ್ರಾಯರಿನಿಂದ ಒಂದು ಚಿಟಿಕೆ ಪುಡಿ ತೆಗೆದು ಹೆಬ್ಬೆರಳಲ್ಲಿ ಉಜ್ಜಿದಳು. ಏನೂ ತಿಳಿಯಲಿಲ್ಲ. “ಹ್ಞಾಂ, ಸರಿಯಾಗಿದೆ,” ಎಂದು ಹಸಿ ಸುಳ್ಳು ಹೇಳಿ ಸೆರಗಿಗೆ ಕೈ ಒರೆಸಿಕೊಂಡಳು.

ಮೊದಲ ವಾರ ಹೇಳತೀರದ ಪಾಡು. ಮೂವರ ಕಾಫಿಗೆ ಬೇಕಾದಷ್ಟು ಬೀಸಲು ಅರ್ಧ ಗಂಟೆ. ನಲವತ್ತು ಸುತ್ತಿಗೆ ಕೈ ಸೋತು ಜೋಲುತ್ತಿತ್ತು. ತಮ್ಮ “ಕೊಡಕ್ಕಾ, ಉಳಿದಿದ್ದು ನಾನು...” ಎಂದು ಬಾಯಿ ತೆರೆದರೆ ಸಾಕು, “ನಿನ್ನ ಮೀಟರ್ ನೀನು ಓದ್ಕೋ ಹೋಗು!” ಎಂದು ಹರಿಹಾಯುತ್ತಿದ್ದಳು. ಒಂದು ದಿನ ಡಬ್ಬಿಯನ್ನು ನೆಲಕ್ಕಿಟ್ಟು, ಮುಖ ಗೋಡೆಗೆ ತಿರುಗಿಸಿ ಸುಮ್ಮನೆ ಕೂತುಬಿಟ್ಟಳು. ತಮ್ಮನ ಹೆಂಡತಿ ಬಾಗಿಲಲ್ಲಿ ನಿಂತು ಅದನ್ನು ಕಂಡು ಒಳಗೆ ಹೋದಳು.

ಎರಡನೆಯ ವಾರ ಪರಿಸ್ಥಿತಿ ಸುಧಾರಿಸಿತು. ಹಿಡಿಕೆ ದಿನದಿನಕ್ಕೆ ಹಗುರವಾಗುತ್ತಾ ಬಂತು. ಇಪ್ಪತ್ತು ನಿಮಿಷ, ಹದಿನೈದು, ಹತ್ತು. ಮೂರನೆಯ ವಾರ ಮುಗಿಯುವ ಹೊತ್ತಿಗೆ ಐದೇ ನಿಮಿಷ! ದಬ್ಬಳಕ್ಕನ ಜಂಬ ಕೇಳಬೇಕೇ? ಪೋಸ್ಟ್‌ಮನ್‌ಗೆ ಹೇಳಿದಳು, ಪಕ್ಕದ ಮನೆಯ ನರ್ಸಿಗೆ ಹೇಳಿದಳು. ಕಾಫಿ ಮಾತ್ರ ಯಾಕೋ ಸಪ್ಪೆಯಾಗುತ್ತಾ ಹೋಯಿತು. ತಮ್ಮ ಕಣ್ಣು ಮುಚ್ಚಿ ಒಂದು ಗುಟುಕು ಕುಡಿದು “ಅದ್ಭುತ” ಅನ್ನುವನು. ಅವನ ಹೆಂಡತಿ ತಲೆ ತಗ್ಗಿಸಿ ಕುಡಿಯುವಳು. ದಬ್ಬಳಕ್ಕ ನೆಟ್ಟಗೆ ಅಂಗಡಿಗೆ ಹೋಗಿ, “ನಿಮ್ಮ ಬೀಜದಲ್ಲಿ ಸತ್ವಾನೇ ಇಲ್ಲ, ಕಾಫಿ ಬಟ್ಟೆ ಒಗೆದ ನೀರಿಗಿಂತ ಕಡೆ!” ಎಂದು ಜಾಡಿಸಿ, ಬೇರೆ ಬೀಜ ತಂದಳು. ಅದೂ ಅಷ್ಟಕ್ಕಷ್ಟೇ.

ಪ್ರೆಸ್ಸಿನ ಮಾಲೀಕರಿಗೆ ಫೋನ್ ಮಾಡಿ, “ಕೈ ಬಂತು, ಸೋಮವಾರ ಬರ್ತೀನಿ,” ಅಂದಳು.

“ಹೆಬ್ಬೆರಳು?” ಎಂದು ಕೇಳಿದರು ಅವರು. ಕೆಲಸ ಬಲ್ಲ ಮನುಷ್ಯ.

“ಎಲ್ಲಾ ಬಂತು,” ಅಂದಳು. ಫೋನ್ ಇಟ್ಟ ಮೇಲೆ, ಬಲ ಬಂದಿದೆ, ಉಳಿದದ್ದನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿ ಹೇಗೋ ನಿಭಾಯಿಸಿದರಾಯಿತು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಆದರೆ ಎರಡು ಹಾಳೆ ಒಟ್ಟಿಗೆ ನುಸುಳಿ, ಮಕ್ಕಳ ಪಾಠಪುಸ್ತಕದಲ್ಲಿ ಪುಟ ಹಿಂದುಮುಂದಾಗಿ, ಅದನ್ನು ಯಾರೋ ತಂದು ಮೇಜಿನ ಮೇಲಿಟ್ಟು, ದಬ್ಬಳಕ್ಕನ ಕೈ ಹೋಯಿತು ಎಂದು ತಮ್ಮತಮ್ಮಲ್ಲೇ ಪಿಸುಗುಡುವುದು ಅವಳ ಕಣ್ಣಿಗೆ ಕಟ್ಟಿದಂತಿತ್ತು. ಆ ಮೇಜು ಬಿಟ್ಟು ಬೇರೆ ಬದುಕು ಅವಳಿಗೆ ಗೊತ್ತಿಲ್ಲ.

ಭಾನುವಾರ ಬೆಳಿಗ್ಗೆ ಎಂದಿನಂತೆ ಬೀಸಿ, ಡ್ರಾಯರ್ ಎಳೆದು, ಎಂದಿನಂತೆಯೇ ಒಂದು ಚಿಟಿಕೆ ಉಜ್ಜಿದಳು. ಹುಬ್ಬು ಗಂಟಿಕ್ಕಿದವು. ಮತ್ತೆ ಉಜ್ಜಿದಳು. ಕನ್ನಡಕ ಹುಡುಕಿ ಹಾಕಿಕೊಂಡು ಬಳೆ ನೋಡಿದಳು. ಇಪ್ಪತ್ತು!

“ಯಾರೇ ಇದನ್ನ ಮುಟ್ಟಿದ್ದು?” ಅವಳ ಕೂಗಿಗೆ ತಮ್ಮ ಮುಖಕ್ಷೌರದ ನೊರೆಯಲ್ಲೇ ಓಡಿಬಂದ. ಅವನ ಹೆಂಡತಿ ಪಾತ್ರೆ ಉಜ್ಜುವುದನ್ನು ಬಿಟ್ಟು, ನೀರು ತೊಟ್ಟಿಕ್ಕುವ ಕೈಯಲ್ಲೇ ಬಂದು ನಿಂತಳು.

“ನಾನೇ ಅತ್ತಿಗೆ. ಹೆಚ್ಚುಕಮ್ಮಿ ದಿನಾ ಸಂಜೆ ಒಂದೊಂದು ಅಂಕಿ ಸಡಿಲ ಮಾಡ್ತಿದ್ದೆ. ಅವತ್ತು ನೀವು ಗೋಡೆ ಕಡೆ ತಿರುಗಿ ಕೂತಿದ್ರಲ್ಲ, ನನಗೆ ನೋಡೋಕಾಗಲಿಲ್ಲ. ನಿಲ್ಲಿಸಿಬಿಡ್ತೀರೇನೋ ಅಂತ ಹೆದರಿಕೆ ಆಯ್ತು.”

“ನಿನಗೂ ಗೊತ್ತಿತ್ತೇನೋ?” ಎಂದು ದಬ್ಬಳಕ್ಕ ತಮ್ಮನನ್ನು ಕೇಳಿದಳು. ಅವನು ನೊರೆಯ ಮುಖವನ್ನು ಕೆಳಗೆ ಹಾಕಿದ.

ದಬ್ಬಳಕ್ಕನ ಪಿತ್ತ ನೆತ್ತಿಗೇರಿತು. “ಅಂದ್ರೆ ನನ್ನ ಬಲ ಎಲ್ಲಾ ಸುಳ್ಳು! ನಾಳೆ ಬರ್ತೀನಿ ಅಂತ ಮಾಲೀಕರಿಗೆ ಬೇರೆ ಹೇಳಿಬಿಟ್ಟಿದ್ದೀನಿ. ಊರೆಲ್ಲ ಡಂಗುರ ಹೊಡೆದೆ. ನನ್ನನ್ನ ಮಂಗ ಮಾಡಿದ್ರಲ್ರೋ! ಪುಡಿ ನೋಡು, ರವೆಗಿಂತ ದಪ್ಪ, ಮರಳಿನ ಹಾಗೆ ಚುಚ್ಚುತ್ತೆ...”

ತಮ್ಮನ ಹೆಂಡತಿ ಮೆಲ್ಲಗೆ ತಲೆ ಎತ್ತಿದಳು. “ಯಾವ ಕೈಗೆ ಚುಚ್ಚುತ್ತೆ ಅತ್ತಿಗೆ?”

“ಯಾವ ಕೈ ಅಂದ್ರೆ? ಇದೇ...”

ದಬ್ಬಳಕ್ಕ ಬಲಗೈಯನ್ನು ಮುಖದ ಹತ್ತಿರ ತಂದುಕೊಂಡಳು. ಹೆಬ್ಬೆರಳಿಗೆ ಕಂದು ಪುಡಿ ಮೆತ್ತಿತ್ತು. ಮತ್ತೊಂದು ಚಿಟಿಕೆ ತೆಗೆದು ಕಣ್ಣು ಮುಚ್ಚಿ ಉಜ್ಜಿದಳು. ದೂರದಿಂದ ಬಂದಂತೆ, ಮಂಕಾಗಿ, ಆದರೂ ಒಂದೊಂದು ಕಾಳೂ ಬೇರೆಬೇರೆಯಾಗಿ ತಿಳಿಯುತ್ತಿತ್ತು.

“ಇವಳು ಎಂಟರ ಸಣ್ಣ ಪುಡಿಯಲ್ಲೇ ಬಿಟ್ಟಿದ್ರೆ ಬೆರಳಿಗೆ ಸ್ಪರ್ಶ ಬಂದಿದ್ದು ನನಗೆ ಗೊತ್ತೇ ಆಗ್ತಿರಲಿಲ್ಲ ಕಣೋ,” ಎಂದು ತಮ್ಮನ ಕಡೆ ತಿರುಗಿ ಹೇಳಿದಳು. ಕಣ್ಣಲ್ಲಿ ಧಾರಾಕಾರ ನೀರು. “ಡಾಕ್ಟರು ಮಾತು ಕೊಟ್ಟಿರಲಿಲ್ಲ. ನಾನು ನಿಮಗೆ ಹೇಳಿರಲಿಲ್ಲ. ಹೆದರಿ ಸತ್ತಿದ್ದೆ ಕಣ್ರೋ ನಾನು.”

ನಾಳೆ ಮಾಲೀಕರಿಗೆ ಏನು ಹೇಳಬೇಕೆಂದು ಅವಳು ಅಲ್ಲೇ ತೀರ್ಮಾನಿಸಿಬಿಟ್ಟಳು: ಬೆರಳು ಬಂದಿದೆ, ಬಲ ಇನ್ನೂ ಬರಬೇಕು, ರಟ್ಟಿನ ಕಟ್ಟು ಇಳಿಸಲು ಯಾರನ್ನಾದರೂ ಕರೆಯುತ್ತೇನೆ. ಆ ಮಾತು ಅವಳ ಬಾಯಿಂದ ಮೂವತ್ತೊಂದು ವರ್ಷದಲ್ಲಿ ಬಂದಿರಲಿಲ್ಲ.

ಆಮೇಲೆ ತಮ್ಮನ ಹೆಂಡತಿಯ ಒದ್ದೆ ಕೈಯನ್ನು ತನ್ನ ಬಲಗೈಯಲ್ಲಿ ಹಿಡಿದುಕೊಂಡಳು. ಹಿಡಿದವಳು ಬಿಡಲಿಲ್ಲ. ಹೆಬ್ಬೆರಳು ಆ ಅಂಗೈಯ ಮೇಲೆ ನಿಧಾನವಾಗಿ ಓಡಿತು.

“ಇದೇನೇ, ಇಷ್ಟೊಂದು ಒರಟಾಗಿದೆ? ಇಲ್ಲಿ ಬಿರುಕು ಬಿಟ್ಟಿದೆಯಲ್ಲೇ.”

“ಮೂವರ ಪಾತ್ರೆ ಉಜ್ಜೋ ಕೈ ಅತ್ತಿಗೆ, ಇನ್ನೇನು ರೇಷ್ಮೆ ಹಾಗಿರುತ್ತಾ?”

“ನೀನಿಲ್ದೆ ಇದ್ದಿದ್ರೆ ನಾನು ಏನಾಗ್ತಿದ್ನೋ, ತಾಯಿ,” ಅಂದಳು ದಬ್ಬಳಕ್ಕ. ಹೇಳಿ ಅಭ್ಯಾಸವಿಲ್ಲದ ಮಾತು ಅದು. ಆಮೇಲೆ ಸೆರಗು ಸಿಕ್ಕಿಸಿಕೊಂಡು, ಅವಳನ್ನು ಕುರ್ಚಿಯ ಮೇಲೆ ಕೂರಿಸಿ, ಉಳಿದ ಪಾತ್ರೆ ಉಜ್ಜಲು ತಾನೇ ಹೋದಳು.