ಮಗಳ ತಲೆಯೊಳಗೆ ನೋಡಿದ್ದು

ನಾರಾಯಣಖೇಡದ ನನ್ನ ಅತ್ತೆಯ ಮನೆಯಲ್ಲಿ ಉಪ್ಪು ಬೇಕೆಂದರೂ ಕೂಗಿ ಕೇಳುತ್ತಾರೆ. ಅಂಥ ವಂಶದಲ್ಲಿ ಹುಟ್ಟಿದ ನನ್ನ ಮಗಳು ಅಳಲೇ ಇಲ್ಲ.

ಹೆರಿಗೆಗೆ ನಾನು ತಾಂಡೂರಿನ ತವರಿಗೆ ಹೋಗಬೇಕಿತ್ತು. ಈ ಸೋಮವಾರ ಬೇಡ, ಬರುವ ಸೋಮವಾರ ಎಂದು ಅತ್ತೆ ಒಳ್ಳೆಯ ದಿನ ಹುಡುಕುತ್ತಿರುವಾಗಲೇ ನೋವು ಶುರುವಾಗಿ, ನಾರಾಯಣಖೇಡದಲ್ಲೇ ಒಂದು ಆಸ್ಪತ್ರೆಗೆ ಸೇರಿಸಿದರು. ಹೊಕ್ಕುಳಬಳ್ಳಿ ಕೂಸಿನ ಕುತ್ತಿಗೆಗೆ ಸುತ್ತಿಕೊಂಡಿತ್ತು. ನರ್ಸುಗಳು ಬೆನ್ನು ಉಜ್ಜಿದರು, ಮೂಗು ಬಾಯಿಗೆ ಮಾಸ್ಕು ಹಿಡಿದು ಗಾಳಿ ಒತ್ತಿದರು. ಬಹಳ ಹೊತ್ತಿನ ಮೇಲೆ ಬೆಕ್ಕಿನ ಮರಿಯಂಥ ಒಂದು ಸದ್ದು ಕೇಳಿಸಿತು. ಗಂಡೋ ಹೆಣ್ಣೋ ಎಂದು ಮಲಗಿದಲ್ಲಿಂದಲೇ ಕೇಳಿದೆ. ಆಗ ಅದನ್ನು ನೋಡುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ.

"ಮಿದುಳಿಗಿ ಆಕ್ಸಿಜನ್ ಕಮ್ಮಿ ಬಿದ್ದಂಗ ಕಾಣಸ್ತದ. ಲಗೂನ ಜಹೀರಾಬಾದಿಗಿ ಒಯ್ಯಿರಿ," ಎಂದರು ಡಾಕ್ಟರು.

ನನ್ನ ಗಂಡ ಮತ್ತು ಅತ್ತೆ ಕೂಸಿನೊಡನೆ ಆಂಬುಲೆನ್ಸ್ ಹತ್ತಿದರು. ನಾನು ಹೊಲಿಗೆ ಹಾಕಿಸಿಕೊಂಡು ಹಾಸಿಗೆಯಲ್ಲೇ ಉಳಿದೆ. ಸಂಜೆ ಅತ್ತೆಯ ಫೋನು ಬಂತು. ಫೋನಿಲ್ಲದಿದ್ದರೂ ಆ ಧ್ವನಿ ನನಗೆ ತಲುಪುತ್ತಿತ್ತು.

"ಇವ್ರು ಕೂಸಿನ್ನ ಥಂಡ್ಯಾಗ ಇಟ್ಟಾರವಾ! ಬರೇ ಮೈಲೆ! ಶಾಲು ಹೊಚ್ಚಾಕ ಹೋದ್ರ ನನಗೇ ಹೊರಗ ಹೋಗ್ರಿ ಅಂದ್ರು."

ಬಾಣಂತಿಗೂ ಕೂಸಿಗೂ ಬಿಸಿನೀರು, ಕೆಂಡ, ಕಿವಿಗೆ ಹತ್ತಿ ಎಂದು ಜೀವನವಿಡೀ ನಂಬಿದ ಹೆಂಗಸಿಗೆ ಇದು ಚಿಕಿತ್ಸೆಯಲ್ಲ, ಕೊಲೆಯೇ. ಮರುದಿನ ನಾನು ಅಲ್ಲಿಗೆ ಹೋದಾಗ ಮಕ್ಕಳ ಡಾಕ್ಟರಮ್ಮ ತಾಳ್ಮೆಯಿಂದ ಬಿಡಿಸಿ ಹೇಳಿದರು. ಉಸಿರು ನಿಂತಾಗ ಬಿದ್ದ ಪೆಟ್ಟು ಅಲ್ಲಿಗೇ ಮುಗಿಯುವುದಿಲ್ಲ, ಮುಂದಿನ ಕೆಲವು ದಿನ ಮಿದುಳಿನೊಳಗೆ ಹರಡುತ್ತಲೇ ಇರುತ್ತದೆ. ಮೈಯನ್ನು ತಂಪಾಗಿಟ್ಟರೆ ಆ ಹರಡುವಿಕೆ ನಿಧಾನವಾಗುತ್ತದೆ. ನನ್ನ ಮಗಳು ತಣ್ಣನೆಯ ಹಾಸಿಗೆಯ ಮೇಲೆ ವೈರುಗಳ ನಡುವೆ ಮಲಗಿದ್ದಳು. ಅವಳ ಪಾದ ಮುಟ್ಟಿದೆ. ಫ್ರಿಜ್ಜಿನಿಂದ ತೆಗೆದ ಟೊಮ್ಯಾಟೊ ಹಾಗಿತ್ತು. ಅದುವರೆಗೆ ಅಳದಿದ್ದ ನಾನು ಅಲ್ಲಿ ಅತ್ತುಬಿಟ್ಟೆ.

ಮೊದಲು ಅವಳ ನೆತ್ತಿಯ ಮೆತ್ತನೆಯ ಜಾಗದಿಂದ ಅಲ್ಟ್ರಾಸೌಂಡ್ ಮಾಡಿದರು. ಅಲ್ಲಿ ಇನ್ನೂ ಎಲುಬು ಕೂಡಿರುವುದಿಲ್ಲವಾದ್ದರಿಂದ ಒಳಗೆ ಕಾಣುತ್ತದಂತೆ. ಡಾಕ್ಟರಮ್ಮ ಜೆಲ್ ಹಚ್ಚುತ್ತಿದ್ದಂತೆ ಅತ್ತೆ ಗಾಜಿನ ಬಾಗಿಲಿನಿಂದಲೇ ತಕರಾರು ತೆಗೆದರು.

"ಡಾಕ್ಟರಮ್ಮ, ನೆತ್ತಿಗಿ ಹರಳೆಣ್ಣಿ ಹಾಕಬೇಕ್ರಿ. ಅದೇನು ಹಚ್ಚಾಕತ್ತೀರಿ?"

"ಇದು ಎಣ್ಣಿ ಅಲ್ಲಮ್ಮ. ಒಳಗ ನೋಡಾಕ."

"ನೆತ್ತಿಲಿಂದ ಒಳಗ ಕಾಣ್ತದಂದ್ರ, ದಿನಾ ಎಣ್ಣಿ ತಟ್ಟತಿದ್ದ ನಮ್ಮತ್ತಿನೂ ಡಾಕ್ಟರೇ ಆಗಿದ್ಲು ಬಿಡ್ರಿ."

ರಕ್ತಸ್ರಾವ ಕಾಣಲಿಲ್ಲ. ಆದರೆ ಆಕ್ಸಿಜನ್ ಕೊರತೆಯ ಪೆಟ್ಟು ಎಲ್ಲಿ ಎಷ್ಟು ಎಂದು ಈ ಯಂತ್ರ ಪೂರ್ತಿ ಹೇಳಲಾರದು, ಮೈ ಮತ್ತೆ ಬೆಚ್ಚಗಾದ ಮೇಲೆ ಎಂಆರ್‌ಐ ಮಾಡಿಸಬೇಕು ಎಂದರು.

ಮೈ ಬೆಚ್ಚಗಾಗುವ ಹೊತ್ತಿಗೆ ಕೂಸು ಎದೆಹಾಲು ಕುಡಿಯಲು ಕಲಿತಿತ್ತು. ಸ್ಕ್ಯಾನಿಗೆ ನಿದ್ದೆಯ ಮದ್ದು ಕೊಡುವುದಿಲ್ಲ. ಹೊಟ್ಟೆ ತುಂಬ ಕುಡಿಸಿ, ಕಿವಿ ಮುಚ್ಚಿ, ಬಿಗಿಯಾಗಿ ಬಟ್ಟೆ ಸುತ್ತಿ ಮಲಗಿಸಿದರೆ ಸಾಕು ಎಂದು ಹೇಳಿದರು. ನಾನೂ ಒಳಗೆ ಕೂರಬೇಕಿತ್ತು. ತಾಳಿ, ಕಾಲುಂಗುರ, ತಲೆಯ ಪಿನ್ನುಗಳು ಎಲ್ಲ ಬಿಚ್ಚಿದೆ. ಮದುವೆಯಾದಂದಿನಿಂದ ಹೊರಬರದ ಮೂಗುತಿಗೆ ಸೋಪು ಹಚ್ಚಿ ಎಳೆದಿದ್ದಾಯಿತು. ಆಮೇಲೆ ಸ್ಕ್ಯಾನ್ ಮಾಡುವ ಟೆಕ್ನಿಷಿಯನ್ ಕೂಸಿನ ಮೇಲೆ ಲೋಹ ಹುಡುಕುವ ಕೋಲನ್ನು ಆಡಿಸಿದ. ಕೋಲು ಕುಯ್ಯೆಂದಿತು. ಬಟ್ಟೆ ಬಿಚ್ಚಿದರೆ, ಒಳಗೆ ಕರಿ ಬಟ್ಟೆಯ ಗಂಟು. ಗಂಟಿನೊಳಗೆ ಕಬ್ಬಿಣದ ಮೊಳೆ.

ಎಲ್ಲರೂ ಅತ್ತೆಯ ಕಡೆ ತಿರುಗಿದರು.

"ಹಸುಗೂಸಿನ ಹತ್ರ ಕಬ್ಬಿಣ ಇರಬೇಕು. ಇಲ್ಲಂದ್ರ ಗಾಳಿ ಸೋಕ್ತದ," ಎಂದರು ಅತ್ತೆ, ಸ್ವಲ್ಪವೂ ನಾಚದೆ.

"ಅಮ್ಮಾ, ಒಳಗ ಇರೋದು ಅಯಸ್ಕಾಂತ," ಟೆಕ್ನಿಷಿಯನ್ ಬೆವರು ಒರೆಸಿಕೊಂಡ. "ಈ ಮೊಳಿ ಬಂದೂಕಿನ ಗುಂಡಿನಂಗ ಹಾರ್ತದ. ಕೂಸಿನ ಜೀವಕ್ಕೇ ಬರ್ತದ."

ಅತ್ತೆ ಬಾಗಿಲಿನ ಸಂದಿಯಿಂದ ಆ ದೊಡ್ಡ ಯಂತ್ರವನ್ನು ಮೇಲಿಂದ ಕೆಳಗೆ ನೋಡಿದರು. "ಅಷ್ಟು ಜೋರಿನದ ಏನು? ಹಂಗಾದ್ರ ದೆವ್ವ ಹತ್ರ ಬರಂಗಿಲ್ಲ ಬಿಡು," ಎಂದು ಮೊಳೆಯನ್ನು ತಮ್ಮ ಸೆರಗಿಗೆ ಕಟ್ಟಿಕೊಂಡು, ನಾಲ್ಕು ಹೆಜ್ಜೆ ಹಿಂದೆ ಹೋಗಿ ಗೋಡೆಗೆ ಒರಗಿದರು.

ಯಂತ್ರ ಶುರುವಾಯಿತು. ಕಿವಿಗೆ ಮುಚ್ಚಳವಿದ್ದರೂ ಗಡಗಡ, ಟಕಟಕ, ಗರ್ರೆನ್ನುವ ಸದ್ದು. ನನ್ನ ತವರು ಮನೆ ಇರುವುದು ತಾಂಡೂರಿನ ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಯ ಪಕ್ಕ. ಇಂಥ ಸದ್ದಿನಲ್ಲೇ ಓದಿದೆ, ಉಂಡೆ, ಬೆಳೆದೆ. ಹೆರಿಗೆಯ ನಂತರ ಸರಿಯಾಗಿ ಕಣ್ಣು ಮುಚ್ಚಿರಲಿಲ್ಲ. ಮಗಳ ಮಿದುಳಿನ ಚಿತ್ರ ಮೂಡುತ್ತಿರುವಾಗ ತಾಯಿಯಾದವಳು ದೇವರನ್ನು ನೆನೆಯಬೇಕು. ನಾನು ಕುರ್ಚಿಯಲ್ಲೇ ಗೊರಕೆ ಹೊಡೆದೆ.

ಟೆಕ್ನಿಷಿಯನ್ ಬಂದು ಎಬ್ಬಿಸಿದ. "ನಿದ್ದಿ ಕೂಸಿಗಿ ಬರಬೇಕು ಅಂದಿದ್ವಿ, ನಿಮಗಲ್ರಿ."

ಕೂಸೂ ಅಲುಗಾಡದೆ ಮಲಗಿತ್ತು. ಚಿತ್ರಗಳು ಚೆನ್ನಾಗಿ ಬಂದಿದ್ದವು.

ಅಂದೇ ಡಾಕ್ಟರಮ್ಮ ಕಂಪ್ಯೂಟರಿನಲ್ಲಿ ಅವನ್ನು ನಮಗೆ ತೋರಿಸಿದರು. ಅಕ್ರೋಟಿನ ತಿರುಳಿನಂಥ ಬೂದು ಬಣ್ಣದ ಸುರುಳಿಗಳು. "ಕೈಕಾಲಿನ ಆಟ ನಡಸೋ ಆಳದ ಭಾಗ ಛಲೋ ಅದ. ಅದೇ ದೊಡ್ಡ ಸಮಾಧಾನ. ಬಲಗಡಿ ಈ ಅಂಚಿನಾಗ ಬೆಳ್ಳಗ ಕಾಣ್ತದಲ್ಲ, ಇಲ್ಲಿ ಪೆಟ್ಟು ಬಿದ್ದದ. ಮಿದುಳಿನ ಬಲಭಾಗ ಎಡಗೈ ನಡಸ್ತದ, ಅದಕ್ಕ ಎಡಗೈ ಮ್ಯಾಲ ಕಣ್ಣಿಡಬೇಕು."

ನನ್ನ ಗಂಡ ಗಣಿತದ ಮೇಷ್ಟ್ರು. "ಎಷ್ಟು ಪರ್ಸೆಂಟ್ ಹೋಗ್ಯಾದ್ರಿ?" ಎಂದು ಕೇಳಿದರು.

"ಇದರಾಗ ಪರ್ಸೆಂಟ್ ಇಲ್ರಿ ಸರ್. ಪೆಟ್ಟು ಎಲ್ಲಿ ಅದ ಅಂತ ಚಿತ್ರ ಹೇಳ್ತದ. ಕೂಸು ಮುಂದ ಏನೇನು ಮಾಡ್ತದ ಅಂತ ಪೂರಾ ಹೇಳಂಗಿಲ್ಲ. ಬೆಳಿಯೋದು ನೋಡಬೇಕು."

"ಬುದ್ಧಿ ಬರ್ತದೇನ್ರಿ?" ಅತ್ತೆಯ ಧ್ವನಿ ಮೊದಲ ಸಲ ತಗ್ಗಿತ್ತು.

"ಬರ್ತದ ಅಂತ ಆಸೆ ಇಟ್ಟುಕೊಳ್ಳೋಣಮ್ಮ."

ಅತ್ತೆ ಪರದೆಯನ್ನು ದಿಟ್ಟಿಸಿದರು, ಮಗನನ್ನು ದಿಟ್ಟಿಸಿದರು. "ಇವನ ತಲಿದೂ ಒಂದು ಫೋಟೋ ತೆಗೀರಿ ಡಾಕ್ಟರಮ್ಮ. ಇವನಕಿಂತ ಛಲೋ ಇದ್ರ ನಮಗ ಸಾಕು."

ಡಾಕ್ಟರಮ್ಮ ಮೇಜಿನ ಮೇಲೆ ತಲೆಯಿಟ್ಟು ನಕ್ಕರು. ನನಗೂ ನಗು ಬಂತು. ಹೊಲಿಗೆ ಎಳೆದು ಕಣ್ಣಲ್ಲಿ ನೀರೂ ಬಂತು. ಗಂಡ ಮಾತ್ರ ಮುಖ ಗಂಟಿಕ್ಕಿಕೊಂಡು ಆ ಬಿಳಿ ಜಾಗವನ್ನೇ ನೋಡುತ್ತಿದ್ದರು. ಹೊರಗೆ ಬಂದ ಮೇಲೆ ನನ್ನ ಕೈ ಹಿಡಿದು, "ಎಡಗೈ ಅಲ್ಲ, ಬಲಗೈಲೆ ಬರೀತಾಳ ಬಿಡು," ಎಂದರು.

ಮಗಳು ಓಣಿಯ ಮಕ್ಕಳಿಗಿಂತ ತಡವಾಗಿ ಕೂತಳು, ಇನ್ನೂ ತಡವಾಗಿ ನಡೆದಳು. ಎಡಗೈ ಮುಷ್ಟಿ ಬಿಚ್ಚುತ್ತಿರಲಿಲ್ಲ. ತಾಂಡೂರಿನಲ್ಲಿ ತವರಿನ ಹತ್ತಿರವೇ ಫಿಸಿಯೋಥೆರಪಿ ಮಾಡುವವರು ಸಿಕ್ಕರು, ತಿಂಗಳುಗಟ್ಟಲೆ ಅಲ್ಲೇ ಉಳಿದೆ. ಸೊಸೆ ತವರು ಸೇರಿಕೊಂಡಳು ಎಂದು ದೂರುತ್ತಲೇ ಅತ್ತೆಯೂ ಬಂದು ಇಳಿದರು. ಥೆರಪಿಯವರು ಮೃದುವಾದ ಚೆಂಡು ಹಿಸುಕಿಸಲು ಹೇಳಿದರೆ, ಅತ್ತೆ ದಿನವೂ ಜೋಳದ ಹಿಟ್ಟಿನ ಉಂಡೆ ಕೊಟ್ಟು, ಬಲಗೈಯನ್ನು ತಮ್ಮ ತೊಡೆಯ ಕೆಳಗೆ ಅದುಮಿಟ್ಟು, "ಈ ಕೈಲೆ ಬಡಿ, ನಿಮ್ಮಪ್ಪನ ಮಾರಿ ಅನ್ಕೊಂಡು ಬಡಿ," ಎನ್ನುತ್ತಿದ್ದರು.

ಈಗ ಅವಳು ಅಂಗನವಾಡಿಗೆ ಹೋಗುತ್ತಾಳೆ. ಅಂಗಿಯ ಗುಂಡಿ ಹಾಕಿಕೊಳ್ಳಲು ಬರುವುದಿಲ್ಲ, ಓಡುವಾಗ ಎಡಗಾಲು ಸ್ವಲ್ಪ ಎಳೆಯುತ್ತದೆ. ಅಕ್ಷರ, ಲೆಕ್ಕ ಹೇಗೋ, ಇನ್ನೂ ಕಾದು ನೋಡಬೇಕು. ಕಳೆದ ತಿಂಗಳು ಜಹೀರಾಬಾದಿಗೆ ತೋರಿಸಲು ಹೋದಾಗ, ಡಾಕ್ಟರಮ್ಮ ಎದೆಬಡಿತ ಕೇಳಲು ಬಾಗಿದರು. ಮಗಳು ಎಡಗೈ ಚಾಚಿ ಅವರ ಸ್ಟೆತಸ್ಕೋಪು ಹಿಡಿದು ಎಳೆದಳು.

"ಬಿಡವ್ವಾ, ಕಿವಿ ಹರೀತದ," ಎಂದರು ಡಾಕ್ಟರಮ್ಮ. ಆದರೆ ಬಿಡಿಸಿಕೊಳ್ಳುವ ಅವಸರ ಅವರಿಗೆ ಇದ್ದಂತೆ ಕಾಣಲಿಲ್ಲ.