ಒಂಬತ್ತು ಸಾವಿರದ ಒಂಬೈನೂರ ಎಪ್ಪತ್ತಮೂರು

ನಾವು ಚಿಕ್ಕವರಿದ್ದಾಗ ಮಧುಗಿರಿ ಕಡೆಯ ಹಳ್ಳಿಗಳಲ್ಲಿ ಬೇಸಿಗೆ ಬಂದರೆ ಮನೆಯೆಲ್ಲ ಹುಣಸೆಹಣ್ಣಿನ ವಾಸನೆ. ಪಡಸಾಲೆಯಲ್ಲಿ ರಾಶಿ ಹಾಕಿಕೊಂಡು ಕುಟ್ಟಿ, ಬೀಜ ತೆಗೆಯುತ್ತಿದ್ದೆವು. ಹುರಿದ ಬೀಜ ಬಾಯಿಗೆ, ಉಳಿದದ್ದು ಚೌಕಾಬಾರಕ್ಕೆ.

ತಾತ ನಿವೃತ್ತ ಮೇಷ್ಟ್ರು. ಐದಕ್ಕೆ ಏಳಬೇಕು, ಆರಕ್ಕೆ ಮಗ್ಗಿ ಒಪ್ಪಿಸಬೇಕು, ಆಮೇಲೆ ಅಂಬಲಿ. ನಾನು ಇವತ್ತಿಗೂ ಐದಕ್ಕೇ ಏಳುತ್ತೇನೆ.

ಏಳನೇ ತರಗತಿ ಮುಗಿದಿತ್ತು. ಹೈಸ್ಕೂಲಿಗೆ ಕಳಿಸಿ ಎಂದು ತಾತನ ಮುಂದೆ ಅತ್ತುಬಿಟ್ಟೆ. ತಾತ ನನ್ನ ಸ್ಲೇಟಿನ ಮೇಲೆ ೯೯೭೩ ಎಂದು ಬರೆದರು.

"ಇದನ್ನ ಶೇಷ ಉಳೀದಂಗೆ ಭಾಗ ಮಾಡೋ ಸಂಖ್ಯೆ ಹುಡ್ಕು. ಒಂದು, ಮತ್ತೆ ಅದೇ ಸಂಖ್ಯೆ ಬುಟ್ಟು. ಇಸ್ಕೂಲು ತೆಗೆಯೋದ್ರೊಳಗೆ ತಂದ್ರೆ ನಾನೇ ಕರ್ಕೊಂಡೋಗಿ ಸೇರಿಸ್ತೀನಿ."

ಒಂದರಿಂದ ಮತ್ತು ತನ್ನಿಂದ ಮಾತ್ರ ಭಾಗವಾಗುವ ಅವಿಭಾಜ್ಯ ಸಂಖ್ಯೆಗಳಿವೆ ಎಂದು ಶಾಲೆಯಲ್ಲಿ ಕೇಳಿದ್ದೆ. ತಾತ ಅಂಥದ್ದನ್ನೇ ಕೊಟ್ಟಾರು ಎಂದು ಅನ್ನಿಸಲಿಲ್ಲ.

ಹುಣಸೆಹಣ್ಣಿನ ಕೈಯಲ್ಲೇ ಬಳಪ ಹಿಡಿದೆ. ಹದಿಮೂರರಿಂದ ಭಾಗಿಸಿದರೆ ಎರಡು ಉಳಿಯಿತು. ಇನ್ನೇನು ಸಿಕ್ಕೇಬಿಡುತ್ತದೆ ಎನ್ನಿಸಿತು. ಐವತ್ತೊಂಬತ್ತಕ್ಕೂ ಎರಡೇ ಉಳಿಯಿತು.

"ಲೇ, ಅಂಕಿ ತಿಂದ್ರೆ ಹೊಟ್ಟೆ ತುಂಬ್ತದೇನೆ? ಆ ಬುಟ್ಟಿ ಇತ್ಲಾಗೆ ತಳ್ಳು," ಎಂದಳು ಅಮ್ಮ.

ತಮ್ಮ ಸಿದ್ದ ಬೀಜ ಕಡಿಯುತ್ತ ಅಣಕಿಸಿದ. "ಅಕ್ಕಾ, ಅದು ಭಾಗ ಆಯ್ತಾ? ಇಲ್ಲಾ ನೀನೇ ಭಾಗ ಆಗೋದ್ಯಾ?"

ಒಂದೊಂದಾಗಿ ತೊಂಬತ್ತೊಂಬತ್ತರ ತನಕ ಹೋದೆ. ಯಾವುದೂ ಹತ್ತಲಿಲ್ಲ. ನೂರರ ಆಚೆಗೆ ಹೋಗುವುದೋ ಬೇಡವೋ ಎಂದು ಕೂತಿದ್ದಾಗ, ಹನ್ನೆರಡು ಬೀಜಗಳನ್ನು ಸುಮ್ಮನೆ ಸಾಲಿಟ್ಟೆ. ಮೂರು ಸಾಲಲ್ಲಿ ನಾಲ್ಕು. ಆಚೆ ಬದಿಯಿಂದ ನೋಡಿದರೆ ನಾಲ್ಕು ಸಾಲಲ್ಲಿ ಮೂರು. ಭಾಗಿಸುವ ಸಂಖ್ಯೆಗಳು ಜೋಡಿಯಾಗಿಯೇ ಬರುತ್ತವೆ! ನೂರು ನೂರಲೆ ಹತ್ತು ಸಾವಿರ. ನಮ್ಮ ಸಂಖ್ಯೆ ಅದಕ್ಕಿಂತ ಕಡಿಮೆ. ಜೋಡಿಯಲ್ಲಿ ಒಂದಾದರೂ ನೂರರೊಳಗೆ ಇರಲೇಬೇಕಿತ್ತು. ಅಲ್ಲಿ ಯಾವುದೂ ಇರಲಿಲ್ಲ.

ಓಡಿದೆ. ತಾತ ಜಗಲಿಯ ಮೇಲೆ ವಿಭೂತಿ ಧರಿಸಿ ಕೂತಿದ್ದರು.

"ತಾತ, ಇದನ್ನ ಯಾವ್ದೂ ಭಾಗ ಮಾಡಲ್ಲ. ಹೆಂಗೆ ಅಂತ ತೋರಿಸ್ಲಾ?"

ಬೀಜಗಳನ್ನು ಸಾಲಿಟ್ಟು ತೋರಿಸಿದೆ. ತಾತ ಕಣ್ಣು ಮಿಟುಕಿಸದೆ ನೋಡಿದರು.

"ಸರಿಯಾಗೇ ಅದೆ."

"ನಿಮ್ಗೆ ಮೊದ್ಲೇ ಗೊತ್ತಿತ್ತಾ?"

"ಜೀವ್ಮಾನವೆಲ್ಲ ಲೆಕ್ಕ ಹೇಳ್ಕೊಟ್ಟೋನು ಕಣಮ್ಮ. ಗೊತ್ತಿಲ್ದೆ ಇರ್ತದಾ?"

"ಅಂಗಾದ್ರೆ ಇಸ್ಕೂಲಿಗೆ ಸೇರಿಸ್ತೀರಾ?"

"ಭಾಗ ಮಾಡೋ ಸಂಖ್ಯೆ ತಾ ಅಂದಿದ್ದೆ. ತಂದ್ಯಾ? ಇಲ್ಲ. ಮಾತು ಅಂದ್ರೆ ಮಾತು. ಹೋಗು, ನಿಮ್ಮವ್ವ ಕಾಯ್ತಾವ್ಳೆ."

ಆ ವರ್ಷ ಶಾಲೆ ತೆಗೆದ ದಿನ ನಾನು ಹುಣಸೆಹಣ್ಣಿಗೆ ಉಪ್ಪು ಬೆರೆಸಿ ಗುಡಾಣಕ್ಕೆ ತುಂಬುತ್ತಿದ್ದೆ. ಎರಡು ವರ್ಷಕ್ಕೆ ಹೈಸ್ಕೂಲಿಗೆ ಸಿದ್ದನ ಸರದಿ ಬಂತು. ಏಳರ ಮಗ್ಗಿಗೆ ಬೆರಳು ಮಡಚುತ್ತಿದ್ದವನನ್ನು ತಾತ ಕೈಹಿಡಿದು ಬಸ್ಸು ಹತ್ತಿಸಿದರು. ಅವನಿಗೆ ಯಾವ ಲೆಕ್ಕವನ್ನೂ ಕೊಡಲಿಲ್ಲ.

ಈಗ ಲಕ್ಷಾಂತರ ಅಂಕಿಗಳಷ್ಟು ಉದ್ದದ ಅವಿಭಾಜ್ಯ ಸಂಖ್ಯೆಗಳನ್ನು ಕಂಪ್ಯೂಟರುಗಳು ಹುಡುಕುತ್ತವಂತೆ. ಗಣಿತ ಓದುವ ಮೊಮ್ಮಗಳು ಹೇಳಿದಳು. ನನ್ನ ಕಥೆ ಕೇಳಿ, "ಅಜ್ಜಿ, ಅದು ಅವಿಭಾಜ್ಯ ಅನ್ನೋದಕ್ಕೆ ನೀನು ಕೊಟ್ಟಿದ್ದೇ ಪೂರ್ತಿ ಪುರಾವೆ. ಅದರ ಮುಂದಿನ ಅವಿಭಾಜ್ಯ ಯಾವುದು ಅಂತ ಹುಡುಕಲಿಲ್ವಾ?" ಎಂದಳು.

ಹುಡುಕಲಿಲ್ಲ. ಸ್ಲೇಟು ಮನೆಯಲ್ಲೇ ಇತ್ತು, ಬಳಪವೂ ಇತ್ತು. ಮುಂದಿನದು ಯಾವುದಿರಬಹುದು ಎಂಬ ಆಸೆ ಮಾತ್ರ ನನಗೆ ಮತ್ತೆ ಹುಟ್ಟಲೇ ಇಲ್ಲ.